ಸಿಂಗಪುರದ ಪಾರ್ಕು, ಬೆಂಗಳೂರಿನ ರಾಜಕಾಲುವೆ

ಆರ್ಕಿಟೆಕ್ಚರ್ ಮುಗಿಸಿದ್ದೀರಿ, ಮನೆ ವಿಜಯನಗರದಲ್ಲಿ, ಸಿಂಗಪುರದ ಒಂದು ಲ್ಯಾಂಡ್‌ಸ್ಕೇಪ್ ಆಫೀಸಿನಿಂದ ಕೆಲಸದ ಆಫರ್ ಬಂದಿದೆ. ಅಲ್ಲಿ ಜೀವನ ಹೇಗೆ, ಕಾಂಕ್ರೀಟ್ ಕಾಲುವೆಯನ್ನು ಮತ್ತೆ ನದಿ ಮಾಡಿದ ಬಿಶಾನ್ ಪಾರ್ಕ್ ತರಹದ ಕೆಲಸ ಕೈಗೆ ಸಿಗುತ್ತದಾ, ನಾಲ್ಕೈದು ವರ್ಷ ಕಲಿತು ವಾಪಸ್ ಬಂದರೆ ನಮ್ಮ ಕೆರೆಗಳಿಗೆ ಉಪಯೋಗವಾಗುತ್ತದಾ ಅಂತ ಕೇಳಿದ್ದೀರಿ. ನಾನು ಚಾಮರಾಜಪೇಟೆಯವನು. ಸಿಂಗಪುರಕ್ಕೆ ಬಂದು ನೆಲೆಯೂರಿ ಬಹಳ ಕಾಲವಾಯಿತು, ಕೆಲಸವೂ ಇದೇ.

ಜೀವನದ ಮಾತು ಬೇಗ ಮುಗಿಸುತ್ತೇನೆ. ಸಂಬಳದಲ್ಲಿ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ. ರೂಮ್ ಹುಡುಕುವಾಗ ಅಡುಗೆ ಮಾಡಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಎಷ್ಟೋ ಮನೆಯವರಿಗೆ ಒಗ್ಗರಣೆ ವಾಸನೆ ಆಗುವುದಿಲ್ಲ. ವರ್ಕ್ ಪಾಸ್ ಕಂಪನಿಗೆ ಅಂಟಿಕೊಂಡಿರುತ್ತದೆ, ಕೆಲಸ ಹೋದರೆ ಪಾಸೂ ಹೋಗುತ್ತದೆ. ರಾತ್ರಿ ಎಷ್ಟು ಹೊತ್ತಿಗಾದರೂ ಹುಡುಗಿಯರು ಒಬ್ಬರೇ ಓಡಾಡಬಹುದು. ಸೆರಂಗೂನ್ ರಸ್ತೆಯಲ್ಲಿ ಎಂ.ಟಿ.ಆರ್. ಇದೆ, ಕನ್ನಡ ಸಂಘ ಇದೆ. ಸೆಖೆ ಮಾತ್ರ ವರ್ಷಪೂರ್ತಿ. ಬೆಂಗಳೂರಿನ ಡಿಸೆಂಬರ್ ಬೆಳಗು ನೆನಪಾಗಿ ಹೊಟ್ಟೆ ಉರಿಯುತ್ತದೆ.

ಇನ್ನು ಬಿಶಾನ್. ನೀವು ನೋಡಿರುವ ಫೋಟೋ ನಿಜವೇ. ಅಲ್ಲಿ ಕಲ್ಲಂಗ್ ನದಿ ಸುಮಾರು 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಅದನ್ನು ಒಡೆದು ಪಾರ್ಕಿನೊಳಗೇ ಅಂಕುಡೊಂಕಾಗಿ ಹರಿಯಲು ಬಿಟ್ಟರು, 2012ರಲ್ಲಿ ಜನರಿಗೆ ತೆರೆದರು. ಜೋರು ಮಳೆ ಬಂದಾಗ ಹುಲ್ಲುಹಾಸೂ ನದಿಯ ಪಾತ್ರವೇ ಆಗುತ್ತದೆ. ನೀರು ಏರುವ ಮೊದಲೇ ಸೈರನ್ ಕೂಗಿ ಜನರನ್ನು ಮೇಲಕ್ಕೆ ಕಳಿಸುತ್ತಾರೆ. ದಂಡೆ ಹತ್ತಿರ ಬಗ್ಗಿ ನೋಡಿ: ಕಲ್ಲು, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಣ್ಣು, ಮಧ್ಯೆ ಕಟ್ಟು ಕಟ್ಟಿ ಹೂತ ಹಸಿ ಕಡ್ಡಿಗಳು. ಕಡ್ಡಿ ಚಿಗುರಿ ಬೇರು ಬಿಟ್ಟಿದೆ. ಈಗ ಮಣ್ಣನ್ನು ಹಿಡಿದಿರುವುದು ಆ ಬೇರೇ. ಇದು ಒಂದೇ ಸಲಕ್ಕೆ ಮಾಡಿದ್ದಲ್ಲ. 2009ರಲ್ಲಿ ಪಾರ್ಕಿನ ಒಂದು ಪಕ್ಕದ ಮೋರಿಯಲ್ಲಿ ಹತ್ತು ಬಗೆಯ ದಂಡೆ ಕಟ್ಟಿ, ಯಾವುದು ನಿಲ್ಲುತ್ತದೆ ಅಂತ ನೋಡಿ, ಆಮೇಲೆ ನದಿಗೆ ಕೈ ಹಾಕಿದರು. ಒಡೆದ ಕಾಂಕ್ರೀಟನ್ನೂ ಎಸೆಯಲಿಲ್ಲ, ಅದರಿಂದ ಪಾರ್ಕಿನಲ್ಲೇ ಒಂದು ದಿಬ್ಬ ಮಾಡಿದ್ದಾರೆ.

ಆದರೆ ಫೋಟೋದಲ್ಲಿ ಕಾಣದ್ದು ಒಂದಿದೆ. ಆ ನದಿಯಲ್ಲಿ ಹರಿಯುವುದು ಮಳೆ ನೀರು ಮಾತ್ರ. ಕೊಳಚೆಗೆ ಬೇರೆಯೇ ಪೈಪು, ಎರಡೂ ಬೆರೆಯುವುದಿಲ್ಲ. ಮಗು ನೀರಿಗಿಳಿದು ಆಡುತ್ತಿದೆ ಎಂದರೆ ಅದು ಈ ಪೈಪಿನ ಪುಣ್ಯ. ಅದಕ್ಕಾಗಿ ಸಿಂಗಪುರ 1977ರಿಂದ 1987ರವರೆಗೆ ನದಿಗಳನ್ನು ತೊಳೆಯಿತು. ಹಂದಿ ಸಾಕುವವರು, ಬಾತುಕೋಳಿ ಸಾಕುವವರು, ನದಿ ಬದಿಯ ತಿಂಡಿ ಗಾಡಿಯವರು, ಗುಡಿಸಲಿನವರು ಎಲ್ಲರನ್ನೂ ಎಬ್ಬಿಸಿ ಬೇರೆ ಕಡೆ ಕಳಿಸಿದರು. ಆ ಹತ್ತು ವರ್ಷದ ಮಾತನ್ನು ಡಿಸೈನ್ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಎಬ್ಬಿಸಿದ ರೀತಿ ನಮಗೆ ಮಾದರಿ ಅಂತ ನಾನು ಒಪ್ಪುವುದಿಲ್ಲ. ಪೈಪು ಮೊದಲು, ಪಾರ್ಕು ಆಮೇಲೆ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಈಗ ನಿಮ್ಮ ಮನೆ ಹತ್ತಿರದ ವೃಷಭಾವತಿ ನದಿ ನೋಡಿ. ಮೈಸೂರು ರಸ್ತೆಯಲ್ಲಿ ಬಸ್ಸಿನವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಅಲ್ಲಿಗೆ ಬಿಶಾನ್ ಡ್ರಾಯಿಂಗ್ ತಂದು ಕಾಂಕ್ರೀಟ್ ಒಡೆದರೆ ಏನಾಗುತ್ತದೆ? ಕೊಳಚೆ ಅಂಕುಡೊಂಕಾಗಿ ಹರಿಯುತ್ತದೆ, ಅಷ್ಟೇ. ಹಿಂದೆ ನಮ್ಮ ಕೆರೆ ಮಳೆಗಾಲದಲ್ಲಿ ತುಂಬಿ ಕೋಡಿ ಬೀಳುತ್ತಿತ್ತು, ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಹೂಳು ತೆಗೆಯುತ್ತಿದ್ದರು. ಈಗ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ತರುತ್ತೇವೆ. ಅದು ನಮ್ಮ ಬಚ್ಚಲು ದಾಟಿ, ಮಳೆ ನೀರಿಗೆಂದು ಇರುವ ದೊಡ್ಡ ಮೋರಿ ರಾಜಕಾಲುವೆಗೆ ಬೀಳುತ್ತದೆ. ಹಾಗಾಗಿಯೇ ಬೆಳ್ಳಂದೂರು ಕೆರೆ ಬೇಸಿಗೆಯಲ್ಲೂ ತುಂಬಿರುತ್ತಿತ್ತು, ನೊರೆ ಬರುತ್ತಿತ್ತು, 2018ರಲ್ಲಿ ಬೆಂಕಿಯೂ ಹತ್ತಿಕೊಂಡಿತು. ಕೆರೆ ಏರಿ ಮೇಲೆ ವಾಕಿಂಗ್ ಟ್ರ್ಯಾಕ್, ಬೆಂಚು, ಗ್ರಿಲ್ಲು ಹಾಕಿ ಅಭಿವೃದ್ಧಿ ಎಂದು ಬೋರ್ಡ್ ಬರೆಸುವುದು ನನಗೆ ಸುಮ್ನೆ ಪೌಡರ್ ಬಳಿದ ಹಾಗೆ ಕಾಣುತ್ತದೆ.

ಕೆಲಸ ಕಲಿಯಲು ಸಿಗುತ್ತದಾ? ಸಿಗುತ್ತದೆ, ಆದರೆ ನದಿ ಸಿಗುವುದಿಲ್ಲ. ಮೊದಲ ವರ್ಷಗಳಲ್ಲಿ ಅಪಾರ್ಟ್‌ಮೆಂಟಿನ ಕಾರ್ ಪಾರ್ಕ್ ಪಕ್ಕದ ಪಟ್ಟಿ ಜಾಗಕ್ಕೆ ರೇನ್ ಗಾರ್ಡನ್, ಅಂದರೆ ಮಳೆ ನೀರನ್ನು ಸೋಸುವ ಗಿಡದ ಪಾತಿ, ಬಿಡಿಸುತ್ತೀರಿ. ಮೇಲೆ ಗಿಡ, ಕೆಳಗೆ ಮರಳು ಜಾಸ್ತಿ ಇರುವ ಮಣ್ಣು, ಅದರ ಕೆಳಗೆ ದಪ್ಪ ಮರಳು, ತಳದಲ್ಲಿ ಜಲ್ಲಿ, ಜಲ್ಲಿಯೊಳಗೆ ತೂತಿನ ಪೈಪು. ನೀರು ಬೇಗ ಇಂಗಿ ಖಾಲಿಯಾಗಬೇಕು, ನಿಂತರೆ ಡೆಂಗ್ಯೂ ಸೊಳ್ಳೆ. ಗಿಡ ಬೆಳೆದ ಮೇಲೆ ಯಾರು ಕಳೆ ಕೀಳುತ್ತಾರೆ, ಹೂಳು ಯಾವಾಗ ತೆಗೆಯುತ್ತಾರೆ ಎಂದು ಬರೆದು ಕೊಡಬೇಕು. ಬೇಜಾರು ಹಿಡಿಸುವ ಕೆಲಸ. ನೀವು ವಾಪಸ್ ತರಬೇಕಾದದ್ದು ಇದನ್ನೇ. ನಮ್ಮಲ್ಲಿ ನೀರುಗಂಟಿ ಮಾಡುತ್ತಿದ್ದುದು ಹೆಚ್ಚುಕಡಿಮೆ ಇದೇ ಅಲ್ವಾ? ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ಒಬ್ಬ ಮನುಷ್ಯನಿದ್ದ. ಆ ಹುದ್ದೆ ಹೋಯಿತು, ಜಾಗಕ್ಕೆ ಯಾರೂ ಬರಲಿಲ್ಲ.

ಹೊರಡುವ ಮೊದಲು ಎರಡು ಕಡೆ ಹೋಗಿ ಬನ್ನಿ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡಿನ ಜೌಗು ದಾಟಿ ಕೆರೆ ಸೇರುತ್ತದೆ. ಮೀನು ಹಿಡಿಯುವವರನ್ನು ಮಾತಾಡಿಸಿ. ಆಮೇಲೆ ಶಾಂತಿನಗರದ ಹತ್ತಿರ ಕೆ-100 ಎಂಬ ರಾಜಕಾಲುವೆ ನೋಡಿ. ಅಲ್ಲೂ ದೊಡ್ಡ ತಲೆನೋವು ಕೊಳಚೆಯನ್ನು ಬೇರೆ ಮಾಡುವುದೇ. ನೋಟ್‌ಬುಕ್ ತೆಗೆದುಕೊಂಡು ಹೋಗಿ, ಎಲ್ಲೆಲ್ಲಿ ಪೈಪು ಬಂದು ಬೀಳುತ್ತಿದೆ ಎಂದು ಗುರುತು ಹಾಕಿಕೊಳ್ಳಿ.

ಆಫರ್‌ಗೆ ಸಹಿ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ: ಕೆಲಸ ಮುಗಿದ ಜಾಗಕ್ಕೆ ಎರಡು ವರ್ಷದ ನಂತರ ನಿಮ್ಮವರು ಹೋಗಿ ನೋಡುತ್ತೀರಾ, ನನ್ನನ್ನೂ ಕರೆದುಕೊಂಡು ಹೋಗುತ್ತೀರಾ? ಇಲ್ಲ ಎಂದರೆ ಸಂಬಳ ಸ್ವಲ್ಪ ಕಡಿಮೆಯಾದರೂ ಬೇರೆ ಆಫೀಸು ನೋಡಿ.