ಸ್ಯಾಟರ್ನೇಲಿಯಾ 17ಕ್ಕೋ, 19ಕ್ಕೋ?

ಡಿಸೆಂಬರ್ ಹತ್ತಿರ ಬಂದರೆ ಸಾಕು, ಅವೇ ಪ್ರಶ್ನೆಗಳು.

ಪ್ರಶ್ನೆ: ರೋಮನ್ನರ ಸ್ಯಾಟರ್ನೇಲಿಯಾ ಹಬ್ಬ ಒಂದು ಕಡೆ ಡಿಸೆಂಬರ್ 17 ಅಂತಿದೆ, ಇನ್ನೊಂದು ಕಡೆ 19. ಯಾವುದು ಸರಿ?

ಉತ್ತರ: 17. ಆದರೆ 19 ಸುಮ್ನೆ ಹುಟ್ಟಿದ್ದಲ್ಲ. ರೋಮನ್ನರು ತಾರೀಕನ್ನು ಹಿಂದಿನಿಂದ ಎಣಿಸುತ್ತಿದ್ದರು: ಜನವರಿ ಒಂದಕ್ಕೆ ಇನ್ನು ಎಷ್ಟನೇ ದಿನ ಅಂತ. ಅದೂ ಎರಡೂ ತುದಿಯ ದಿನ ಸೇರಿಸಿ. ನಮ್ಮಲ್ಲಿ ಹನ್ನೊಂದನೇ ದಿನದ ಕಾರ್ಯಕ್ಕೆ ಸತ್ತ ದಿನವನ್ನೂ ಹಿಡಿಯುತ್ತಾರಲ್ಲ, ಹಾಗೆ. ಇದನ್ನು ಮರೆತು ಒಂದು ದಿನ ತಪ್ಪಿಸಿ, ನನ್ನನ್ನೇ ತಿದ್ದಲು ಬರುವವರು ಜಾಸ್ತಿ. ದಯವಿಟ್ಟು ಬೆರಳು ಮಡಚಿ ಎಣಿಸಿ.

ಹಳೆಯ ಡಿಸೆಂಬರ್‌ಗೆ ಇದ್ದದ್ದು 29 ದಿನ. ಆಗ 17 ಅಂದರೆ ಜನವರಿ ಒಂದಕ್ಕೆ 14ನೇ ದಿನ. ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರನ ಕ್ಯಾಲೆಂಡರ್ ಬಂತು, ಡಿಸೆಂಬರ್ 31 ದಿನವಾಯಿತು. ಅದೇ 17 ಈಗ 16ನೇ ದಿನ. ‘ನಮ್ಮದು 14ನೇ ದಿನವೇ’ ಅಂತ ಹಟ ಹಿಡಿದವರ ಹಬ್ಬ 19ಕ್ಕೆ ಜಾರಿತು. ಕೊನೆಗೆ ಚಕ್ರವರ್ತಿ ಅಗಸ್ಟಸ್ 17ರಿಂದ 19ರವರೆಗೆ ಮೂರೂ ದಿನ ನ್ಯಾಯಾಲಯಕ್ಕೆ ರಜೆ ಕೊಟ್ಟ. ಹೀಗೆ ಹೇಳಿದವನು ರೋಮನ್ ಲೇಖಕ ಮ್ಯಾಕ್ರೋಬಿಯಸ್. ಅವನು ಬರೆದದ್ದು ನಾಲ್ಕು ಶತಮಾನಕ್ಕೂ ಹೆಚ್ಚು ಕಳೆದ ಮೇಲೆ, ಹಾಗಾಗಿ ನಾನು ಪೂರ್ತಿ ನೆಚ್ಚಿಕೊಳ್ಳುವುದಿಲ್ಲ. ಲೆಕ್ಕವಂತೂ ಸರಿಯಾಗಿ ಕೂರುತ್ತದೆ. ಜನರಿಗೆ ಮೂರು ದಿನವೂ ಸಾಲಲಿಲ್ಲ, ವಾರವಿಡೀ ನಡೆಸಿದರು: ಬಹಿರಂಗವಾಗಿ ಪಗಡೆ ಜೂಜು, ಮೇಣದಬತ್ತಿ ಮತ್ತು ಮಣ್ಣಿನ ಗೊಂಬೆಯ ಉಡುಗೊರೆ, ಗುಲಾಮರಿಗೂ ಔತಣ.

ಪ್ರಶ್ನೆ: ಹಾಗಾದರೆ ಕ್ರಿಸ್‌ಮಸ್ ಅಂದರೆ ಹೆಸರು ಬದಲಾಯಿಸಿದ ಸ್ಯಾಟರ್ನೇಲಿಯಾ, ಅಲ್ವಾ?

ಉತ್ತರ: ಅಲ್ಲ. ವಾರ ಪೂರ್ತಿ ಎಳೆದರೂ ಅದು 23ಕ್ಕೆ ಮುಗಿಯುತ್ತದೆ. 25ರಂದು ಸೂರ್ಯದೇವನ ಹಬ್ಬ ಇತ್ತು. ಆದರೆ ಅದನ್ನೂ ಕ್ರಿಸ್ತನ ಜನನವನ್ನೂ 25ಕ್ಕೆ ಬರೆದ ಹಳೆಯ ದಾಖಲೆ ಒಂದೇ, ಕ್ರಿ.ಶ. 354ರದ್ದು. ಯಾರಿಂದ ಯಾರು ತಗೊಂಡರು ಅನ್ನೋದಕ್ಕೆ ನಾನು ಪಂದ್ಯ ಕಟ್ಟುವುದಿಲ್ಲ.

ಪ್ರಶ್ನೆ: ಮಾರ್ಚ್ 15 ರೋಮನ್ನರಿಗೆ ಅಪಶಕುನದ ದಿನವಂತೆ?

ಉತ್ತರ: ಸೀಸರನಿಗೆ ಮಾತ್ರ, ಅವನ ಕೊಲೆಯಾದದ್ದು ಅವತ್ತು. ಊರಿನವರಿಗೆ ಅದು ಅನ್ನಾ ಪೆರೆನ್ನಾ ದೇವಿಯ ಹಬ್ಬ. ಹೊಳೆ ದಂಡೆಯಲ್ಲಿ ಕುಳಿತು, ಎಷ್ಟು ವರ್ಷ ಬದುಕಬೇಕೋ ಅಷ್ಟು ಬಟ್ಟಲು ಕುಡಿಯುವುದು.

ಪ್ರಶ್ನೆ: ಒಬ್ಬರು ದುಡ್ಡು ತಗೊಂಡು ‘ರೋಮನ್ ಮುಹೂರ್ತ’ ಇಟ್ಟುಕೊಡುತ್ತಾರೆ. ನಂಬಬಹುದೇ?

ಉತ್ತರ: ದುಡ್ಡು ವಾಪಸ್ ಕೇಳಿ. ಅವರು ‘ಅಶುಭ’ ಅಂತ ತೋರಿಸುವ ‘ನೆಫಾಸ್ಟಿ’ ದಿನಗಳು ಅಂದರೆ ಅವತ್ತು ಕೋರ್ಟ್ ನಡೆಯುವುದಿಲ್ಲ ಅಂತ.