ಡೇಟ್ ಮುಂದಕ್ಕೆ ಹೋದಾಗ ಅತ್ತವರು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ.)

2025ರ ನವರಾತ್ರಿಯ ನಡುವೆ ಅವರು ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದರು. ಮೂವತ್ತೈದರ ಆಸುಪಾಸು. ಚಿಕ್ಕಮಗಳೂರಿನ ಆಡಿಟರ್ ಆಫೀಸೊಂದರಲ್ಲಿ ಹಳೆಯ ಕೈ. ಕೂತವರೇ ಬಟ್ಟೆ ಚೀಲದಿಂದ ಅರ್ಧ ಹೆಣೆದ ನೀಲಿ ಸ್ವೆಟರ್ ತೆಗೆದು ಮೇಜಿನ ಮೇಲಿಟ್ಟರು. “ಅಣ್ಣನ ಮಗನಿಗೆ ಅಂತ ಹೋದ ವರ್ಷ ಶುರು ಮಾಡಿದ್ದು ಮೇಡಂ. ಈಗ ಅವನ ಹೊಟ್ಟೆಗೂ ಬರಲ್ಲ.” ನಗುತ್ತಲೇ ಹೇಳಿದರು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ತೆರಿಗೆ ಆಡಿಟ್ ವರದಿಗಳ ಕೊನೆಯ ದಿನ ಸೆಪ್ಟೆಂಬರ್ 30. ಅದರ ಜೊತೆಗೆ ತಿಂಗಳ 11 ಮತ್ತು 20ನೇ ತಾರೀಕಿನ ಜಿಎಸ್‌ಟಿ, ಅಕ್ಟೋಬರ್ 31ಕ್ಕೆ ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ವಿವರ. ಆಯುಧಪೂಜೆ ಅಕ್ಟೋಬರ್ 1ಕ್ಕೆ. 30 ದಾಟಿದರೆ ಎರಡು ದಿನ ಕಾಲು ಚಾಚಿ ಕೂತು ಹೆಣೆಯಬಹುದು, ಗ್ರಂಥಾಲಯದಿಂದ ತಂದ ಪುಸ್ತಕ ಓದಬಹುದು ಅಂತ ಎಣಿಸಿಕೊಂಡಿದ್ದರು. ಅಷ್ಟರಲ್ಲಿ, 25ನೇ ತಾರೀಕು, ಗಡುವು ಅಕ್ಟೋಬರ್ 31ಕ್ಕೆ ಹೋಯಿತು. “ಆಫೀಸಲ್ಲಿ ಎಲ್ಲರಿಗೂ ಖುಷಿ. ನಂಗೆ ಅಳು ಬಂತು. ಇನ್ನು ಪಾರ್ಟಿಗಳು ಬಿಲ್ ತರೋದೇ ಅಕ್ಟೋಬರ್ 28ಕ್ಕೆ.” ಪಾರ್ಟಿಗಳೆಂದರೆ ಆಫೀಸಿನ ಗಿರಾಕಿಗಳು.

ಯಾರಿಗಾದರೂ ಇದು ಚಿಲ್ಲರೆ ವಿಷಯ ಅನ್ನಿಸೀತು. ನನಗೆ ಅನ್ನಿಸಲಿಲ್ಲ. ಈ ಊರಲ್ಲಿ ತೋಟದವರು ವರ್ಷದ ಬಿಲ್ಲನ್ನೆಲ್ಲ ರಟ್ಟಿನ ಡಬ್ಬಿಯಲ್ಲಿ ತುಂಬಿಸಿ ತಂದಿಟ್ಟು ‘ನೋಡ್ಕಳಿ’ ಅಂದು ಹೋಗುವುದನ್ನು ನಾನೂ ಕಂಡಿದ್ದೇನೆ. ಮೇಲಾಗಿ ಇವರ ಗಂಡನಿಗೆ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ. ಹೆಂಡತಿಯ ಕೆಲಸ ಸಡಿಲವಾಗುವ ಹೊತ್ತಿಗೆ ಅವರದು ಬಿಗಿಯಾಗುತ್ತದೆ. ‘ಆಮೇಲೆ’ ಅನ್ನುವ ದಿನ ಆ ಮನೆಗೆ ಯಾವತ್ತೂ ಬರುವುದಿಲ್ಲ.

ನಿದ್ದೆ, ಊಟ, ಮನಸ್ಸಿನ ಮಂಕು ಇವನ್ನೆಲ್ಲ ಮೊದಲು ವಿಚಾರಿಸಿದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಬೇಸರವಿದ್ದು, ಇಷ್ಟದ ಕೆಲಸವೂ ಬೇಡವಾಗಿದ್ದರೆ ಅದು ಹವ್ಯಾಸದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಮನೋವೈದ್ಯರನ್ನು ಕಾಣಬೇಕು. ಇವರಿಗೆ ಹಾಗಿರಲಿಲ್ಲ. ಹೆಣಿಗೆಯ ಕಡ್ಡಿ ಮುಟ್ಟಲು ಕೈ ತುರಿಸುತ್ತಿತ್ತು, ಮುಟ್ಟಿದರೆ ತಪ್ಪು ಮಾಡಿದಂತಾಗುತ್ತಿತ್ತು, ಅಷ್ಟೇ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕೆಟ್ಟರೆ ನನಗಿಂತ ಮೊದಲು ಸಿಗುವವರು ಅವರು.

ನನ್ನ ಮೊದಲ ಸಲಹೆ ಹಾಳಾಯಿತು. ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆವರೆಗೆ ಹೆಣಿಗೆ, ಓದು ಅಂತ ವೇಳಾಪಟ್ಟಿ ಹಾಕಿಸಿದ್ದೆ. ವಾರ ಬಿಟ್ಟು ಬಂದಾಗ ಅದನ್ನೂ ಎಕ್ಸೆಲ್‌ನಲ್ಲಿ ಮಾಡಿ ತಂದಿದ್ದರು, ತಪ್ಪಿದ ದಿನಗಳಿಗೆ ಕೆಂಪು ಬಣ್ಣ. ಗಡುವಿನಿಂದ ಬಳಲಿದವರಿಗೆ ಇನ್ನೊಂದು ಗಡುವು ಕೊಟ್ಟಿದ್ದೆ ನಾನು.

ಎರಡನೇ ಸಲ ದಿನಚರಿಯನ್ನೇ ಕೇಳಿದೆ. ಕಡೂರು ರಸ್ತೆಯ ಊರೊಂದರಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ, ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಆಫೀಸಿನ ವಾಟ್ಸಾಪ್ ನೋಡುತ್ತಿದ್ದರು. ಫೋನು ಚೀಲದಲ್ಲಿರಲಿ, ಪುಸ್ತಕ ಕೈಯಲ್ಲಿರಲಿ ಅಂದೆ. (ಮೂಡಿಗೆರೆ ಕಡೆಯ ತಿರುವುಗಳಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ, ಕಡೂರು ದಾರಿ ಸಪಾಟು.) ದಿನವಿಡೀ ಟ್ಯಾಲಿ ಅನ್ನುವ ಲೆಕ್ಕಪತ್ರದ ತಂತ್ರಾಂಶ ನೋಡಿದ ಕಣ್ಣಿಗೆ ರಾತ್ರಿ ಕಾದಂಬರಿ ಬೇಡ. ಬಸ್ಸಿಗೆ ಸಣ್ಣಕತೆ ಸಾಕು, ಒಂದು ದಾರಿಗೆ ಒಂದು ಕತೆ.

ಹೆಣಿಗೆಯದು ಬೇರೆ. ಆ ಸ್ವೆಟರಿನಲ್ಲಿ ಜಡೆಯಂಥ ವಿನ್ಯಾಸವಿತ್ತು. ಪ್ರತಿ ಸಾಲಿಗೂ ಕುಣಿಕೆ ಎಣಿಸಬೇಕು. ಹಗಲೆಲ್ಲ ಅಂಕಿ ಎಣಿಸಿದವರು ಮನೆಗೆ ಬಂದು ಮತ್ತೆ ಎಣಿಸಿದರೆ ಅದು ಆಡಿಟ್ಟೇ ಆಯಿತಲ್ಲ! ಬಿಚ್ಚಿಬಿಡಿ ಅಂದೆ. ಒಪ್ಪಲಿಲ್ಲ. “ಎರಡು ತಿಂಗಳ ಕೆಲಸ ಮೇಡಂ.” ಒತ್ತಾಯ ಮಾಡಲಿಲ್ಲ. ಎಣಿಕೆಯೇ ಬೇಡದ ಸಾದಾ ಮಫ್ಲರ್ ಒಂದನ್ನು ಬೇರೆ ಉಲ್ಲನ್‌ನಲ್ಲಿ ಶುರು ಮಾಡಿ, ಮಧ್ಯಾಹ್ನ ಊಟದ ಡಬ್ಬಿ ತೊಳೆದ ಮೇಲೆ ಎರಡು ಸಾಲು, ಯಾರಿಗೆ ಅಂತ ನಿರ್ಧರಿಸಬೇಡಿ ಅಂದೆ. ಯಾರಿಗೆ ಅನ್ನುವ ಹೆಸರು ಬಂದಕೂಡಲೇ ತಾರೀಕೂ ಬರುತ್ತದೆ.

ಆಫೀಸಿನಲ್ಲೂ ಒಂದು ಮಾತು ಆಡಿಸಿದೆ. ಪಾರ್ಟಿಗಳಿಗೆ ಸರ್ಕಾರದ ದಿನಾಂಕ ಹೇಳದೆ, ಆಫೀಸಿನದೇ ದಿನಾಂಕ ಹೇಳೋಣ ಅಂತ ಸರ್ ಹತ್ತಿರ ಕೇಳಿ ಅಂದೆ. ಕೇಳಲು ಹತ್ತು ದಿನ ಬೇಕಾಯಿತು. ಅರ್ಧದಷ್ಟು ಜನ ಕೇಳಿಸಿಕೊಂಡರಂತೆ.

ಅಕ್ಟೋಬರ್ ಕೊನೆಯಲ್ಲಿ ಗಡುವು ಇನ್ನೊಮ್ಮೆ ಸರಿಯಿತು, ನವೆಂಬರ್ 10ಕ್ಕೆ. ಈ ಸಲ ಫೋನ್ ಮಾಡಿದ್ದರು. “ಹೋಗ್ಲಿ ಬಿಡಿ ಮೇಡಂ” ಅಂದು ಬಸ್ಸಿನಲ್ಲಿ ಓದಿದ ಕತೆಯೊಂದನ್ನು ಹೇಳತೊಡಗಿದರು, ನನಗೆ ಮುಂದಿನವರು ಕಾಯುತ್ತಿದ್ದರು.

ಮಫ್ಲರ್ ಮೊಣಕೈ ಉದ್ದ ಆಗಿದೆಯಂತೆ. ಸ್ವೆಟರನ್ನು ದೀಪಾವಳಿಯ ಮಾರನೆ ದಿನ ತಾವಾಗಿಯೇ ಬಿಚ್ಚಿದರು. ಉಂಡೆ ಸುತ್ತುವಾಗ ಎಳೆ ಹಿಡಿದುಕೊಂಡು ಕೂತಿದ್ದವನು ಆ ಅಣ್ಣನ ಮಗನೇ.