ಮಕ್ಕಳ ಮನೆಯಿಂದ ಒಂದು ದಿನದ ಸುತ್ತಾಟ: ಎಡಿನ್‌ಬರೋ ಕುರಿತು ಓದುಗರ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಕಾಟ್ಲೆಂಡಿನ ರಾಜಧಾನಿಯನ್ನು ಕುರಿತವು. ಓದಿಗೋ ಉದ್ಯೋಗಕ್ಕೋ ಅಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೊರಟಿರುವ ತಂದೆತಾಯಿಯರೇ ಇವುಗಳನ್ನು ಬರೆದಿದ್ದಾರೆ. ಆ ನಗರದಲ್ಲಿ ಕೆಲಕಾಲ ವಾಸವಾಗಿದ್ದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಜೂನ್ ತಿಂಗಳಿನಲ್ಲಿ ಮಗನ ಮನೆಗೆ ಹೋಗುತ್ತಿದ್ದೇವೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಲಾಕ್ ನೆಸ್ ಸರೋವರಕ್ಕೆ ಒಂದು ದಿನದ ಕೋಚ್ ಪ್ರವಾಸ ಕಾಯ್ದಿರಿಸುವುದಾಗಿ ಮಗ ಹೇಳುತ್ತಿದ್ದಾನೆ. ಅದು ಒಳ್ಳೆಯದೇ? ಕಾರಿಲ್ಲದೆ ನಾವಿಬ್ಬರೇ ಎಲ್ಲೆಲ್ಲಿ ಹೋಗಿ ಬರಬಹುದು?
— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಲಾಕ್ ನೆಸ್ ಪ್ರವಾಸವನ್ನು ನಾನು ಶಿಫಾರಸು ಮಾಡಲಾರೆ. ಬೆಳಗ್ಗೆ ಹೊರಟು ರಾತ್ರಿ ಮರಳುವ ಸುಮಾರು ಹನ್ನೆರಡು ಗಂಟೆಗಳ ಆ ಪ್ರಯಾಣದಲ್ಲಿ ಬಹುಪಾಲು ಸಮಯ ಬಸ್ಸಿನ ಆಸನದಲ್ಲೇ ಕಳೆಯುತ್ತದೆ. ಮಂಡಿ ನೋವಿರುವವರಿಗೆ ಅದು ವಿಹಾರವಲ್ಲ, ಶಿಕ್ಷೆ. ಎತ್ತರದ ಬೆಟ್ಟನಾಡನ್ನು ನೋಡಲೇಬೇಕೆಂಬ ಆಸೆಯಿದ್ದರೆ ಮಗನ ರಜೆಯಲ್ಲಿ ಎರಡು ರಾತ್ರಿ ಅಲ್ಲೇ ತಂಗುವಂತೆ ಹೋಗಿ. ಉಳಿದ ದಿನಗಳಿಗೆ ನಗರದಿಂದ ಒಂದು ಗಂಟೆಯೊಳಗೆ ತಲುಪುವ ಸ್ಥಳಗಳೇ ಬೇಕಾದಷ್ಟಿವೆ.

ಮೊದಲು ಬಸ್ಸನ್ನು ಅಭ್ಯಾಸ ಮಾಡಿಕೊಳ್ಳಿ. ನಗರದ ಲೋಥಿಯನ್ ಬಸ್ಸುಗಳಲ್ಲಿ ಕಂಡಕ್ಟರ್ ಇರುವುದಿಲ್ಲ. ಹತ್ತುವಾಗ ಚಾಲಕನ ಪಕ್ಕದ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ದಿನವಿಡೀ ಅದೇ ಕಾರ್ಡ್ ಬಳಸಿದರೆ ಒಂದು ಮಿತಿಯ ನಂತರ ಹಣ ಕಡಿತವಾಗುವುದಿಲ್ಲ. ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ನಗದು ಕೊಡುವವರು ಸರಿಯಾದ ಚಿಲ್ಲರೆಯನ್ನೇ ಹಾಕಬೇಕು, ಬಾಕಿ ಹಿಂದಿರುಗಿಸುವ ಪದ್ಧತಿ ಇಲ್ಲ. ಇಳಿಯುವಾಗ ಬಹುತೇಕ ಎಲ್ಲರೂ ಚಾಲಕನಿಗೆ ಧನ್ಯವಾದ ಹೇಳಿಯೇ ಇಳಿಯುತ್ತಾರೆ. ನಿಮಗೂ ಅದು ಬೇಗನೆ ರೂಢಿಯಾಗುತ್ತದೆ.

ಮೊದಲ ವಾರಕ್ಕೆ ರಾಯಲ್ ಬೊಟಾನಿಕ್ ಗಾರ್ಡನ್ ಸಾಕು. 1670ರಲ್ಲಿ ಔಷಧಿ ಗಿಡಗಳ ತೋಟವಾಗಿ ಆರಂಭವಾದ ಈ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ನಮ್ಮ ಊರಿಗೂ ಇದಕ್ಕೂ ಒಂದು ಹಳೆಯ ನಂಟಿದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿ, 1801ರಲ್ಲಿ ಹರಿಹರ, ದಾವಣಗೆರೆಗಳ ಮೂಲಕ ಹಾದುಹೋಗಿ, ಇಲ್ಲಿನ ಕಂಬಳಿ ವ್ಯಾಪಾರದ ಬಗ್ಗೆ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದವನು. ಅವನಿಗೆ ಸಸ್ಯಶಾಸ್ತ್ರ ಕಲಿಸಿದ ಜಾನ್ ಹೋಪ್ ಇದೇ ಉದ್ಯಾನದ ಮುಖ್ಯಸ್ಥನಾಗಿದ್ದ. ಆಗ ಉದ್ಯಾನ ಇದ್ದದ್ದು ನಗರದ ಬೇರೊಂದು ಜಾಗದಲ್ಲಿ. ಇಂದಿನ ಇನ್ವರ್ಲೀತ್‌ಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಎರಡನೆಯದಾಗಿ ಸೌತ್ ಕ್ವೀನ್ಸ್‌ಫೆರಿ. ವೇವರ್ಲಿ ನಿಲ್ದಾಣದಿಂದ ರೈಲು ಹಿಡಿದು ಡಾಲ್ಮೆನಿಯಲ್ಲಿ ಇಳಿದು ನಿಧಾನವಾಗಿ ಕೆಳಗೆ ನಡೆದರೆ ಫೋರ್ತ್ ನದಿಯ ಅಳಿವೆಯ ಮೇಲೆ ಮೂರು ಶತಮಾನಗಳ ಮೂರು ಸೇತುವೆಗಳು ಒಟ್ಟಿಗೇ ಕಾಣುತ್ತವೆ: 1890ರ ರೈಲು ಸೇತುವೆ, 1964ರ ರಸ್ತೆ ಸೇತುವೆ, 2017ರ ಕ್ವೀನ್ಸ್‌ಫೆರಿ ಕ್ರಾಸಿಂಗ್. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕೆಂಪು ಉಕ್ಕಿನ ರೈಲು ಸೇತುವೆಯನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಚಾಚುತೋಳಿನ ತತ್ತ್ವವನ್ನು ಜನರಿಗೆ ವಿವರಿಸಲು ಎಂಜಿನಿಯರ್ ಬೆಂಜಮಿನ್ ಬೇಕರ್ ಇಬ್ಬರನ್ನು ಕುರ್ಚಿಗಳ ಮೇಲೆ ಕೈಚಾಚಿ ಕೂರಿಸಿ, ಅವರ ನಡುವೆ ತೂಗುವ ಹಲಗೆಯ ಮೇಲೆ ಕೈಚಿ ವಟನಾಬೆ ಎಂಬ ಜಪಾನಿ ಎಂಜಿನಿಯರನನ್ನು ಕೂರಿಸಿ ತೆಗೆಸಿದ ಛಾಯಾಚಿತ್ರ ಇಂದಿಗೂ ಎಂಜಿನಿಯರಿಂಗ್ ಪಾಠಗಳಲ್ಲಿ ಬರುತ್ತದೆ. ಗಾಳಿ ಜೋರಿಲ್ಲದ ದಿನ 1964ರ ಸೇತುವೆಯ ಪಾದಚಾರಿ ದಾರಿಯಲ್ಲಿ ಸ್ವಲ್ಪ ದೂರ ನಡೆದು ನೋಡಿ.

ಮೂರನೆಯದು ನಾರ್ತ್ ಬೆರಿಕ್, ರೈಲಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಕಡಲಲ್ಲಿ ನಿಂತಿರುವ ಬಾಸ್ ರಾಕ್ ಎಂಬ ಬಂಡೆ ಬೇಸಿಗೆಯಲ್ಲಿ ದೂರದಿಂದ ಬೆಳ್ಳಗೆ ಕಾಣುವುದು ಅದರ ಮೇಲೆ ನೆರೆಯುವ ಗ್ಯಾನೆಟ್ ಹಕ್ಕಿಗಳಿಂದ ಮತ್ತು ಅವುಗಳ ಹಿಕ್ಕೆಯಿಂದ. ಜಗತ್ತಿನ ಅತಿ ದೊಡ್ಡ ಗ್ಯಾನೆಟ್ ನೆಲೆಗಳಲ್ಲಿ ಅದೂ ಒಂದು. 2022ರ ಹಕ್ಕಿಜ್ವರದಲ್ಲಿ ಅಲ್ಲಿ ತುಂಬ ಹಕ್ಕಿಗಳು ಸತ್ತವು. ದೋಣಿ ಹತ್ತಲು ಮನಸ್ಸಿಲ್ಲದಿದ್ದರೆ ದಡದಲ್ಲಿರುವ ಸ್ಕಾಟಿಷ್ ಸೀಬರ್ಡ್ ಸೆಂಟರಿನಲ್ಲಿ ಕುಳಿತು ಕ್ಯಾಮೆರಾ ಮೂಲಕ ನೋಡಬಹುದು. ಬೇಸರವಾದ ಸಂಜೆಗಳಿಗೆ ಪೋರ್ಟೊಬೆಲೊ ಕಡಲ ತೀರವಿದೆ, ಸಿಟಿ ಬಸ್ಸೇ ಅಲ್ಲಿಗೆ ಹೋಗುತ್ತದೆ. ಆ ತಣ್ಣೀರಿನಲ್ಲಿ ಅಜ್ಜಿಯರು ಈಜುವುದನ್ನು ನೋಡಿ ನೀವೂ ಇಳಿಯಬೇಡಿ.

ಪ್ರಶ್ನೆ: ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವನಿಗೆ ಎಡಿನ್‌ಬರೋ ಕೋಟೆಯಲ್ಲಿ ಹೊಸತೇನಿದೆ? ಟಿಕೆಟ್ ದುಬಾರಿ ಎಂದು ಮಗಳು ಹೇಳುತ್ತಾಳೆ.
— ನಿವೃತ್ತ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ದುಬಾರಿಯೇ, ಆದರೆ ಮುಂಗಡ ಕಾಯ್ದಿರಿಸಿದರೆ ಸ್ವಲ್ಪ ಕಡಿಮೆ. ಒಮ್ಮೆ ಹೋಗಿ, ನಿಮಗೆ ಅದು ಇತರ ಪ್ರವಾಸಿಗರಿಗೆ ಕಾಣದ ರೀತಿಯಲ್ಲಿ ಕಾಣುತ್ತದೆ ಎಂದು ನನ್ನ ಊಹೆ.

ಕೋಟೆ ನಿಂತಿರುವುದು ಸುಮಾರು 35 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಕೊಳವೆಯಲ್ಲಿ ಗಟ್ಟಿಯಾದ ಶಿಲೆಯ ಮೇಲೆ. ಆ ಕಲ್ಲು ಎಷ್ಟು ಬಿಗಿಯೆಂದರೆ ಅದರೊಳಗೆ ನೀರು ಇಂಗುವುದಿಲ್ಲ, ಹೀಗಾಗಿ ಶತ್ರುವನ್ನು ತಡೆದ ಬಂಡೆಯೇ ಒಳಗಿದ್ದವರ ಬಾಯಾರಿಕೆಗೂ ಕಾರಣವಾಯಿತು. 1571ರಿಂದ 1573ರವರೆಗೆ ನಡೆದ ದೀರ್ಘ ಮುತ್ತಿಗೆಯ ಕೊನೆಯಲ್ಲಿ ಫಿರಂಗಿ ಹೊಡೆತಕ್ಕೆ ಡೇವಿಡ್ ಗೋಪುರ ಕುಸಿದು ಮುಖ್ಯ ಬಾವಿ ಮುಚ್ಚಿಹೋದಾಗ ಕೋಟೆ ಶರಣಾಗಬೇಕಾಯಿತು. ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಗೋಪಾಲಸ್ವಾಮಿ ಹೊಂಡಕ್ಕೂ, ಅಲ್ಲಿಂದ ಅಕ್ಕ-ತಂಗಿಯರ ಹೊಂಡಕ್ಕೂ, ಊರಿನ ಸಿಹಿನೀರು ಹೊಂಡಕ್ಕೂ ಹರಿಸಿದ ನಮ್ಮ ಪಾಳೆಯಗಾರರ ಏರ್ಪಾಟನ್ನು ಬಲ್ಲವರು ಅಲ್ಲಿನ ಬಾವಿಯ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಸಹಜ. ಕೋಟೆಯೆಂಬ ಲೆಕ್ಕದಲ್ಲಿ ನನ್ನ ಮತ ದುರ್ಗಕ್ಕೇ. ಆದರೆ ಕಟ್ಟಡಗಳನ್ನು ಉಳಿಸಿಕೊಂಡ ರೀತಿಯಲ್ಲಿ ಅವರು ಮುಂದಿದ್ದಾರೆ: ಹನ್ನೆರಡನೆಯ ಶತಮಾನದ ಪುಟ್ಟ ಸೇಂಟ್ ಮಾರ್ಗರೆಟ್ ಪ್ರಾರ್ಥನಾಲಯ ಇನ್ನೂ ಗಟ್ಟಿಯಾಗಿದೆ, 1449ರಲ್ಲಿ ತಯಾರಾದ ಮಾನ್ಸ್ ಮೆಗ್ ಎಂಬ ಭಾರೀ ಫಿರಂಗಿ ಅದರ ಮುಂದೆಯೇ ಇದೆ. ಭಾನುವಾರ ಬಿಟ್ಟು ಬಹುತೇಕ ಎಲ್ಲ ದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಒಂದು ತೋಪು ಹಾರುತ್ತದೆ. 1861ರಲ್ಲಿ ಬಂದರಿನ ಹಡಗುಗಳಿಗೆ ಸಮಯ ತಿಳಿಸಲು ಆರಂಭವಾದ ಪದ್ಧತಿ ಅದು. ಎದೆ ಅದುರುವವರು ಮೊದಲೇ ಎಚ್ಚರದಿಂದಿರಿ.

ಇನ್ನೊಂದು ವಿಷಯ ನಿಮ್ಮಂಥ ಇತಿಹಾಸಾಸಕ್ತರಿಗೆ. ಹೈದರ್ ಅಲಿ ದುರ್ಗವನ್ನು ಗೆದ್ದದ್ದು 1779ರಲ್ಲಿ. ಮರುವರ್ಷ ಪೊಲ್ಲಿಲೂರಿನ ಯುದ್ಧದಲ್ಲಿ ಸೆರೆಸಿಕ್ಕ ಡೇವಿಡ್ ಬೇರ್ಡ್ ಎಂಬ ಸ್ಕಾಟ್ ಅಧಿಕಾರಿ 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರ ಮೇ 4ರಂದು ಅದೇ ಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯ ನಾಯಕ ಅವನೇ. ಅವನು ಟಿಪ್ಪುವಿನ ದೇಹವನ್ನು ಕಂಡ ಸನ್ನಿವೇಶವನ್ನು ಡೇವಿಡ್ ವಿಲ್ಕಿ ಬೃಹತ್ ತೈಲಚಿತ್ರವಾಗಿಸಿದ್ದಾನೆ. ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳ ಸಂಗ್ರಹಕ್ಕೆ ಸೇರಿದೆ. ಪ್ರದರ್ಶನದಲ್ಲಿದೆಯೇ ಎಂದು ವಿಚಾರಿಸಿ ಹೋಗಿ. ಗೆದ್ದವರ ಕಣ್ಣಿನ ಚಿತ್ರ ಅದು, ಹಾಗೆಂದೇ ನೋಡಬೇಕು.

ಕಾಲಲ್ಲಿ ಶಕ್ತಿಯಿದ್ದರೆ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡವನ್ನೂ ಹತ್ತಿ. ಅದರ ಪಕ್ಕದ ಸಾಲ್ಸ್‌ಬರಿ ಕ್ರ್ಯಾಗ್ಸ್ ಬಂಡೆಸಾಲಿನಲ್ಲಿ ಕರಗಿದ ಶಿಲೆ ಹಳೆಯ ಪದರಗಳೊಳಗೆ ನುಗ್ಗಿದ್ದನ್ನು ಗುರುತಿಸಿ, ಭೂಮಿಯ ವಯಸ್ಸು ಮನುಷ್ಯನ ಎಣಿಕೆಗೆ ಮೀರಿದ್ದೆಂದು ವಾದಿಸಿದವನು ಹದಿನೆಂಟನೆಯ ಶತಮಾನದ ಜೇಮ್ಸ್ ಹಟನ್. ನಮ್ಮ ಮರಡಿಹಳ್ಳಿಯ ದಿಂಬುಲಾವಾ (ನೀರಿನಡಿ ದಿಂಬುಗಳ ಆಕಾರದಲ್ಲಿ ಗಟ್ಟಿಯಾದ ಲಾವಾ ಶಿಲೆ) ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ದುರ್ಗದವರೇ ಎಷ್ಟು ಮಂದಿ ಅದನ್ನು ನೋಡಿದ್ದಾರೆ?

ಪ್ರಶ್ನೆ: ಅಲ್ಲಿ ಯಾವಾಗಲೂ ಮಳೆಯಂತೆ, ನಿಜವೇ? ಯಾವ ಕೊಡೆ ಒಯ್ಯಬೇಕು?
— ಗೃಹಿಣಿ, ಚಳ್ಳಕೆರೆ

ಉತ್ತರ: ಕೊಡೆ ಬೇಡ, ಗಾಳಿ ಅದನ್ನು ಮೊದಲ ದಿನವೇ ತಿರುಚಿ ಹಾಕುತ್ತದೆ. ತಲೆ ಮುಚ್ಚುವ ಮಳೆಯಂಗಿ ತೆಗೆದುಕೊಳ್ಳಿ. ಎಡಿನ್‌ಬರೋದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಚಳ್ಳಕೆರೆಯವರಿಗೆ ಇದು ಬಹಳ ಎನ್ನಿಸಬಹುದು, ಆದರೆ ದಾವಣಗೆರೆಯ ಮಳೆಗಿಂತ ಇದು ಅಷ್ಟೇನೂ ಹೆಚ್ಚಲ್ಲ. ಪಶ್ಚಿಮದ ಗ್ಲಾಸ್ಗೋದಲ್ಲಿ ಸಾವಿರ ಮಿಲಿಮೀಟರ್ ದಾಟುತ್ತದೆ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ನಮ್ಮಲ್ಲಿ ಕೆಲವು ದಿನ ಸುರಿದು ತಿಂಗಳುಗಟ್ಟಲೆ ಮಾಯವಾಗುವ ಮಳೆ ಅಲ್ಲಿ ವರ್ಷಪೂರ್ತಿ ಜಿನುಗುತ್ತದೆ. ವಸಂತ, ಬೇಸಿಗೆಗಳಲ್ಲಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಬೆಚ್ಚನೆಯ ಗಾಳಿ ಹಾದು ಹುಟ್ಟುವ ‘ಹಾರ್’ ಎಂಬ ಕಡಲ ಮಂಜು ಮಾತ್ರ ಮೋಸಗಾರ: ಒಳನಾಡಿನಲ್ಲಿ ಬಿಸಿಲಿದ್ದಾಗಲೂ ತೀರದಲ್ಲಿ ಎದುರಿಗಿದ್ದದ್ದು ಕಾಣುವುದಿಲ್ಲ. ಕಡಲ ಕಡೆ ಹೊರಡುವ ದಿನ ಸ್ವೆಟರ್ ಚೀಲದಲ್ಲಿರಲಿ. ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತರವರೆಗೆ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಚಳಿಗಾಲದಲ್ಲಿ ಹೋಗಬೇಡಿ.

ಪ್ರಶ್ನೆ: ಸಮುದ್ರದ ನಡುವೆ ನಡೆದುಕೊಂಡೇ ದ್ವೀಪವೊಂದಕ್ಕೆ ಹೋದ ಫೋಟೊಗಳನ್ನು ತಮ್ಮನ ಮಕ್ಕಳು ಕಳುಹಿಸಿದ್ದಾರೆ. ವಯಸ್ಸಾದವರು ಹೋಗಬಹುದೇ?
— ವ್ಯಾಪಾರಸ್ಥರು, ಹರಿಹರ

ಉತ್ತರ: ಅದು ಕ್ರೇಮಂಡ್ ದ್ವೀಪ. ಇಳಿತದ ಹೊತ್ತಿನಲ್ಲಿ ಮಾತ್ರ ನೀರಿನಿಂದ ಮೇಲೇಳುವ ಕಾಲುದಾರಿಯಲ್ಲಿ ಹೋಗಬಹುದು. ದಾರಿಯ ಪಕ್ಕದಲ್ಲಿ ಸಾಲಾಗಿ ನಿಂತಿರುವ ಕಾಂಕ್ರೀಟ್ ಕಂಬಗಳು ಎರಡನೆಯ ಮಹಾಯುದ್ಧದಲ್ಲಿ ಶತ್ರು ದೋಣಿಗಳನ್ನು ತಡೆಯಲು ನೆಟ್ಟವು. ಸಾಮಾನ್ಯವಾಗಿ ನೀರು ಅತಿ ಕೆಳಗಿಳಿಯುವ ಕ್ಷಣಕ್ಕೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ದಾರಿ ಸುರಕ್ಷಿತ. ಈ ಹೊತ್ತು ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜರುಗುತ್ತದೆಯಾದ್ದರಿಂದ ನಿನ್ನೆ ಹೋಗಿ ಬಂದವರ ಮಾತು ಇಂದಿಗೆ ಅನ್ವಯಿಸುವುದಿಲ್ಲ. ದಾರಿಯ ಆರಂಭದಲ್ಲಿರುವ ಫಲಕವನ್ನು ಓದದೆ ಹೆಜ್ಜೆ ಇಡಬೇಡಿ, ಹಿಂದಿರುಗುವ ಹೊತ್ತನ್ನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಫೋಟೊ ತೆಗೆಯುತ್ತ ಕುಳಿತು ಸಿಕ್ಕಿಬಿದ್ದವರನ್ನು ಕರೆತರಲು ಜೀವರಕ್ಷಕ ದೋಣಿ ಬರಬೇಕಾಗುವುದು ಅಪರೂಪವೇನಲ್ಲ. ಪಾಚಿ ಕಟ್ಟಿ ಜಾರುವ ದಾರಿ ಅದು. ಕೋಲು ಹಿಡಿದು ನಡೆಯುವವರು ದಡದಲ್ಲೇ ಉಳಿಯುವುದು ಒಳಿತು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಸುತ್ತಾಟದ ದಿನ ಊಟಕ್ಕೆ ಏನು ಮಾಡಬೇಕು? ಬೆಣ್ಣೆ, ತುಪ್ಪ ಒಯ್ಯಬಹುದೇ?
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬೆಣ್ಣೆ, ತುಪ್ಪ, ಪೇಡ ಯಾವುದೂ ಬೇಡ. ಭಾರತದಿಂದ ಹಾಲಿನ ಉತ್ಪನ್ನಗಳನ್ನು ಬ್ರಿಟನ್ನಿಗೆ ಸ್ವಂತ ಬಳಕೆಗೂ ಒಯ್ಯುವಂತಿಲ್ಲ, ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆ. ಬೆಣ್ಣೆ ಅಲ್ಲಿಯೇ ಚೆನ್ನಾಗಿ ಸಿಗುತ್ತದೆ, ದೋಸೆ ಮಾತ್ರ ನೀವೇ ಹುಯ್ಯಬೇಕು. ಶೇಂಗಾ ಚಟ್ನಿಪುಡಿ ಧಾರಾಳವಾಗಿ ತುಂಬಿಕೊಳ್ಳಿ, ಬೆಳಗ್ಗೆ ಚಪಾತಿ ಕಟ್ಟಿಕೊಂಡು ಹೊರಡಿ. ಉದ್ಯಾನದಲ್ಲಿ ಬುತ್ತಿ ಬಿಚ್ಚಿ ಉಣ್ಣುವುದನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅಂಗಡಿಯ ಪೊಟ್ಟಣಗಳ ಮೇಲೆ ಸಸ್ಯಾಹಾರದ ಗುರುತನ್ನು ಹುಡುಕಿ, ಏಕೆಂದರೆ ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯ ಕಿಣ್ವ ಇರುತ್ತದೆ. ಆಲೂಗಡ್ಡೆ ಚಿಪ್ಸ್ (ಅಲ್ಲಿ ಹಾಗೆಂದರೆ ಬಿಸಿಯಾಗಿ ಕರಿದು ಕೊಡುವ ದಪ್ಪ ತುಂಡುಗಳು) ನಿರಪಾಯ ಎಂದೂ ಭಾವಿಸಬೇಡಿ; ಕೆಲವು ಅಂಗಡಿಗಳಲ್ಲಿ ಅವನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿಯೇ ಕೊಳ್ಳಿ.

ಪ್ರಶ್ನೆ: ಉದ್ಯಾನದ ಬೆಂಚುಗಳ ಮೇಲೆಲ್ಲ ಹೆಸರುಗಳಿರುತ್ತವಂತೆ. ಅವರೆಲ್ಲ ದಾನಿಗಳೇ?
— ಪದವಿ ವಿದ್ಯಾರ್ಥಿ, ಹಿರಿಯೂರು

ಉತ್ತರ: ಅಲ್ಲ, ಹೆಚ್ಚಿನವು ತೀರಿಕೊಂಡವರ ಹೆಸರುಗಳು. ಆ ಜಾಗವನ್ನು ಇಷ್ಟಪಟ್ಟಿದ್ದವರ ನೆನಪಿಗೆ ಮನೆಯವರು ಹಣ ಕೊಟ್ಟು ಹಾಕಿಸುತ್ತಾರೆ, ತಮ್ಮ ಹೆಸರನ್ನು ಬಹುಮಟ್ಟಿಗೆ ಹಾಕಿಸುವುದಿಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಕಾಣದಷ್ಟು ದೊಡ್ಡದಾಗಿ ದಾನಿಯ ಹೆಸರು ಬರೆಸುವ ನಮಗೆ ಇದು ಕುತೂಹಲವೇ.

ಪ್ರಶ್ನೆ: ನಾನು ಹತ್ತಿ ಗಿರಣಿಯಲ್ಲಿ ದುಡಿದವನು. ಡಂಡೀ ಎಂಬ ಊರು ಕೂಡ ನಮ್ಮ ದಾವಣಗೆರೆಯಂತೆ ಗಿರಣಿಗಳ ಊರಾಗಿತ್ತೆಂದು ಅಳಿಯ ಹೇಳಿದ. ಒಂದು ದಿನದಲ್ಲಿ ನೋಡಿ ಬರಬಹುದೇ?
— ನಿವೃತ್ತ ಕಾರ್ಮಿಕರು, ದಾವಣಗೆರೆ

ಉತ್ತರ: ಖಂಡಿತ, ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಅಲ್ಲಿನದು ಹತ್ತಿಯಲ್ಲ, ಸೆಣಬು. ಬಂಗಾಳದಿಂದ ಹಡಗಿನಲ್ಲಿ ಬರುತ್ತಿದ್ದ ಒರಟು ನಾರನ್ನು ತಿಮಿಂಗಿಲದ ಎಣ್ಣೆಯಿಂದ ಮೆದುಗೊಳಿಸಿ ಯಂತ್ರದಲ್ಲಿ ನೂಲುವುದನ್ನು ಡಂಡೀಯವರು ಕಂಡುಕೊಂಡರು; ಅದೇ ಬಂದರಿನಲ್ಲಿ ತಿಮಿಂಗಿಲ ಬೇಟೆಯ ಹಡಗುಗಳೂ ಇದ್ದದ್ದು ಅನುಕೂಲವಾಯಿತು. ಗಿರಣಿಗಳಲ್ಲಿ ದುಡಿದವರಲ್ಲಿ ಹೆಂಗಸರೇ ಹೆಚ್ಚು. 1855ರಲ್ಲಿ ಕೋಲ್ಕತ್ತದ ಬಳಿಯ ರಿಶ್ರಾದಲ್ಲಿ ಡಂಡೀಯ ಯಂತ್ರಗಳಿಂದಲೇ ಮೊದಲ ಗಿರಣಿ ಶುರುವಾಯಿತು, ನಾರು ಬೆಳೆಯುವಲ್ಲಿಯೇ ಕಡಿಮೆ ಕೂಲಿಗೆ ಚೀಲ ನೇಯುವ ಗಿರಣಿಗಳು ಹೆಚ್ಚುತ್ತ ಹೋದವು, ಡಂಡೀ ಸೋಲತೊಡಗಿತು. ಹಳೆಯ ಗಿರಣಿಯೊಂದನ್ನು ವರ್ಡಂಟ್ ವರ್ಕ್ಸ್ ಎಂಬ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಯಂತ್ರಗಳನ್ನು ನಿಮ್ಮಷ್ಟು ಬಲ್ಲ ಪ್ರೇಕ್ಷಕರು ಅಲ್ಲಿಗೆ ಕಡಿಮೆ ಬರುತ್ತಾರೆ. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ನಮ್ಮ ಊರಿನಲ್ಲಿ ಅಂಥದ್ದೊಂದು ಏಕಿಲ್ಲ ಎಂಬ ಪ್ರಶ್ನೆಯನ್ನು ನೀವೇ ಕೇಳಿದರೆ ಹೆಚ್ಚು ತೂಕವಿರುತ್ತದೆ.

ಹೋಗುವಾಗ ರೈಲಿನ ಬಲಬದಿಯ ಕಿಟಕಿ ಹಿಡಿಯಿರಿ, ಬರುವಾಗ ಎಡಬದಿ. ಫೈಫ್ ಕರಾವಳಿ ಆ ಕಡೆಗಿದೆ. ಟೇ ನದಿಯ ಸೇತುವೆಯ ಮೇಲೆ ಹಳೆಯ ಸೇತುವೆಯ ಮೋಟು ಕಂಬಗಳೂ ಅತ್ತಲೇ ಕಾಣುತ್ತವೆ. 1879ರ ಡಿಸೆಂಬರ್ 28ರ ಬಿರುಗಾಳಿಯಲ್ಲಿ ಆ ಸೇತುವೆ ರೈಲಿನೊಂದಿಗೇ ಕುಸಿಯಿತು, ಒಳಗಿದ್ದ ಯಾರೂ ಉಳಿಯಲಿಲ್ಲ. ಈಗಿನದು 1887ರದ್ದು.

ಪ್ರಶ್ನೆ: ಹಿರಿಯ ನಾಗರಿಕರಿಗೆ ಬಸ್ ಉಚಿತವಂತೆ. ನಮಗೂ ಸಿಗುತ್ತದೆಯೇ?
— ಓದುಗರು, ಹೊಸದುರ್ಗ

ಉತ್ತರ: ಇಲ್ಲ. ಅರವತ್ತು ತುಂಬಿದವರಿಗೆ ಕೊಡುವ ಉಚಿತ ಬಸ್ ಕಾರ್ಡ್ ಸ್ಕಾಟ್ಲೆಂಡಿನ ನಿವಾಸಿಗಳಿಗೆ ಮಾತ್ರ. ಟಿಕೆಟ್ ಇರುವ ಪ್ರೇಕ್ಷಣೀಯ ಸ್ಥಳಗಳಲ್ಲಿ ಹಿರಿಯರಿಗೆ ರಿಯಾಯಿತಿ ಇರುವುದುಂಟು. ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟಿನ ನಕಲು ಜೊತೆಯಲ್ಲಿರಲಿ. ಛೇಂಬರ್ಸ್ ಸ್ಟ್ರೀಟಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಯಾರಿಗೂ ಶುಲ್ಕವಿಲ್ಲ. 1996ರಲ್ಲಿ ಹತ್ತಿರದ ರಾಸ್ಲಿನ್‌ನಲ್ಲಿ ಹುಟ್ಟಿದ ತದ್ರೂಪಿ ಕುರಿ ಡಾಲಿಯ ದೇಹವನ್ನು ಸಂರಕ್ಷಿಸಿ ಅಲ್ಲಿಟ್ಟಿದ್ದಾರೆ, ಮೊಮ್ಮಕ್ಕಳನ್ನು ಕರೆದೊಯ್ಯಿರಿ.